ಗಿರಿಯಮ್ಮನ ಹಾಡು

ಸಾಹಿತ್ಯ ಚರಿತ್ರೆಯ ದಪ್ಪ ಪುಸ್ತಕಗಳಲ್ಲಿ ಕೆಲವರಿಗೆ ಅಧ್ಯಾಯ, ಕೆಲವರಿಗೆ ಪುಟ, ಇನ್ನು ಕೆಲವರಿಗೆ ಒಂದೇ ಪ್ಯಾರಾ. ಹೆಳವನಕಟ್ಟೆ ಗಿರಿಯಮ್ಮ ಆ ಪ್ಯಾರಾದವಳು. ಪುರಂದರದಾಸರು, ಕನಕದಾಸರು, ವಿಜಯದಾಸರು, ಜಗನ್ನಾಥದಾಸರು ಎಂದು ದೊಡ್ಡ ಹರಿದಾಸರನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವಳ ಸರದಿ. ನನಗೋ ಅವಳಿಂದಲೇ ಶುರುಮಾಡುವ ಆಸೆ.

18ನೆಯ ಶತಮಾನದವಳು. ಹುಟ್ಟಿದ್ದು ರಾಣೆಬೆನ್ನೂರು, ಸೇರಿದ ಮನೆ ಮಲೇಬೆನ್ನೂರಿನದು. ಪಕ್ಕದ ಕೊಮಾರನಹಳ್ಳಿಯ ಹೆಳವನಕಟ್ಟೆ ರಂಗನಾಥ ಅವಳ ದೈವ. ಅವನ ಹೆಸರೇ ಅವಳ ಅಂಕಿತ. ಗೋಪಾಲದಾಸರು ಅವಳನ್ನು ಹರಸಿದರೆಂದು ಹೇಳುತ್ತಾರೆ. ಸಂಸಾರಕ್ಕೆ ಮನಸ್ಸು ಒಗ್ಗದೆ ಗಂಡನಿಗೆ ತಾನೇ ಇನ್ನೊಂದು ಮದುವೆ ಮಾಡಿಸಿದಳೆಂಬ ಕಥೆಯೂ ಇದೆ. ಅದನ್ನು ಭಕ್ತಿಯ ಮಹಿಮೆಯೆಂದು ಹೇಳಿ ಕೈಮುಗಿಯುವುದು ವಾಡಿಕೆ. ಹಾಡು ಕಟ್ಟುವುದಕ್ಕೆ ಹೆಣ್ಣೊಬ್ಬಳು ತನ್ನ ಬದುಕಿನಲ್ಲಿ ಎಷ್ಟು ಹೆಣಗಿ ಜಾಗ ಮಾಡಿಕೊಳ್ಳಬೇಕಿತ್ತು ಎಂಬುದೂ ನನಗೆ ಅದರಲ್ಲಿ ಕಾಣುತ್ತದೆ.

ಬಿಡಿ ಕೀರ್ತನೆಗಳ ಜೊತೆಗೆ ಅವಳು ನೀಳ್ಗಥೆಗಳನ್ನೂ ಹಾಡಾಗಿಸಿದಳು: ಸೀತಾಕಲ್ಯಾಣ, ಬ್ರಹ್ಮಕೊರವಂಜಿ, ಉದ್ದಾಲಕನ ಕಥೆ, ಚಂದ್ರಹಾಸನ ಕಥೆ. ಚಂದ್ರಹಾಸನನ್ನು ಲಕ್ಷ್ಮೀಶ ಅದಾಗಲೇ ಜೈಮಿನಿ ಭಾರತದಲ್ಲಿ ಮನೆಮಾತು ಮಾಡಿದ್ದ. ಗಮಕಿಗಳ ಬಾಯಲ್ಲಿ ಷಟ್ಪದಿಯಾಗಿ ಮೊಳಗುತ್ತಿದ್ದ ಆ ಕಥೆಯನ್ನು ಗಿರಿಯಮ್ಮ ಹೆಂಗಸರು ಕೂತು ಹಾಡಿಕೊಳ್ಳುವ ಹಾಗೆ ಇಳಿಸಿಕೊಟ್ಟಳು.

ಈ ಕಥೆಯನ್ನೇ ಏಕೆ ಆರಿಸಿದಳು ಎಂದು ಯೋಚಿಸುತ್ತೇನೆ. ಮಂತ್ರಿ ದುಷ್ಟಬುದ್ಧಿ ಅನಾಥ ಹುಡುಗ ಚಂದ್ರಹಾಸನ ಕೈಯಲ್ಲೇ ಅವನ ಸಾವಿನ ಓಲೆ ಕೊಟ್ಟು ಮಗನ ಬಳಿಗೆ ಕಳಿಸುತ್ತಾನೆ: ಇವನಿಗೆ ವಿಷವ ಕೊಡು ಎಂದು. ಹುಡುಗ ದಣಿದು ಉದ್ಯಾನದಲ್ಲಿ ಮಲಗುತ್ತಾನೆ. ಮಂತ್ರಿಯ ಮಗಳು ವಿಷಯೆ ಗೆಳತಿಯರೊಂದಿಗೆ ಅಲ್ಲಿಗೆ ಬಂದವಳು ಓಲೆ ತೆಗೆದು ಓದುತ್ತಾಳೆ. ಒಂದೇ ಒಂದು ಅಕ್ಷರ ತಿದ್ದಿ, ವಿಷದ ಜಾಗದಲ್ಲಿ ತನ್ನನ್ನೇ ಇಡುತ್ತಾಳೆ. ಸಾವು ಬರಬೇಕಾದಲ್ಲಿ ಮದುವೆ ಬರುತ್ತದೆ. ಹುಡುಗ ನಿದ್ದೆಯಲ್ಲಿದ್ದಾನೆ, ಅವನ ಹಣೆಬರಹ ಬದಲಾಗುವುದು ಓದುಬರಹ ಬಲ್ಲ ಹುಡುಗಿಯ ಬೆರಳ ತುದಿಯಲ್ಲಿ. ಅಕ್ಷರ ಕಲಿತ ಹೆಣ್ಣುಮಕ್ಕಳು ಅಪರೂಪವಾಗಿದ್ದ ಕಾಲದಲ್ಲಿ ಇದನ್ನು ಹಾಡಿದವರ, ಕೇಳಿದವರ ಎದೆ ಎಷ್ಟು ಹಿಗ್ಗಿರಬೇಡ!

ಉದ್ದಾಲಕನ ಹೆಂಡತಿ ಚಂಡಿಯ ದಾರಿಯೇ ಬೇರೆ. ಗಂಡ ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುವವಳು, ಕೊನೆಗೆ ಶಾಪದಿಂದ ಕಲ್ಲಾದವಳು. ಜಾಣೆ ವಿಷಯೆ, ಹಟಮಾರಿ ಚಂಡಿ, ಬುಟ್ಟಿ ಹೊತ್ತು ಕಣಿ ಹೇಳುತ್ತಾ ಯಾರ ಮನೆ ಬಾಗಿಲಲ್ಲಾದರೂ ನಿಲ್ಲಬಲ್ಲ ಕೊರವಂಜಿ: ಗಿರಿಯಮ್ಮನ ಹಾಡುಗಳಲ್ಲಿ ಎಂಥೆಂಥ ಹೆಣ್ಣುರೂಪಗಳು!

ಇಂಥ ಹಾಡುಗಳಿಗೆ ರಾಜಾಶ್ರಯವಿರಲಿಲ್ಲ. ಅವು ಉಳಿದದ್ದು ಹಸೆಯ ಮುಂದೆ, ಆರತಿಯ ಹೊತ್ತಿನಲ್ಲಿ, ಗೌರಿಹಬ್ಬದ ಮಧ್ಯಾಹ್ನಗಳಲ್ಲಿ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಪಾಠವಾಗಿ, ಆಮೇಲೆ ಅರಿಶಿನದ ಕಲೆ ಹತ್ತಿದ ನೋಟ್‌ಬುಕ್ಕುಗಳಲ್ಲಿ. ಸಾಲು ತಪ್ಪಿದಾಗ ಪಕ್ಕದವಳು ಎತ್ತಿಕೊಟ್ಟಳು; ಮರೆತದ್ದನ್ನು ಮೂರನೆಯವಳು ನೆನಪಿಸಿದಳು. ಇಂಥ ಓದುಗರು ಎಷ್ಟು ಮಹಾಕವಿಗಳಿಗೆ ಸಿಕ್ಕಾರು?

ಚಿಕ್ಕ ಕವಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪುಟಗಳ ಲೆಕ್ಕದಲ್ಲಿ ಅಳೆದರೆ ಗಿರಿಯಮ್ಮ ಚಿಕ್ಕವಳು, ಹಾಡಿಕೊಂಡವರ ಲೆಕ್ಕದಲ್ಲಿ ಅಲ್ಲ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಇವತ್ತೇ ಕೂರಿಸಿ ಹಾಡಿಸಿ, ಬರೆದುಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಅಚ್ಚಾದ ಪುಸ್ತಕ ಮಾತುಗಳನ್ನು ಕಾಯುತ್ತದೆ, ಧಾಟಿಯನ್ನು ಮಾತ್ರ ಕಂಠವೇ ಕಾಯಬೇಕು.