ಉಣ್ಣಾಕ ಒಲ್ಲೆ ಅಂದ ಹಾವು

ಹ್ವಾದ ಸಲ ಬರದ ಗುರೆಳ್ಳ ಹಿಂಡಿ ನಾಕೈದ ಮನ್ಯಾಗ ಕುಟ್ಟಿದ್ರಂತ ಕೇಳಿ ಭಾಳ ಖುಷಿ ಆತು. ಈ ಸಲ ಅಡಗಿ ಸುದ್ದಿ ಅಲ್ಲ, ಆದ್ರೂ ಉಣ್ಣೂ ಸುದ್ದೀನ. ಎರಡೂವರಿ ತಿಂಗಳ ಬಾಯಿ ಮುಚ್ಚಕೊಂಡ ಕುಂತ ಒಂದ ಹಾವಿನ ಸುದ್ದಿ.

ನಮ್ಮ ಧುಪದಾಳದಾಗ ಹಾವ ಅಂದ್ರ ಹೊಸಾದೇನಲ್ಲ. ಘಟಪ್ರಭಾ ಹೊಳಿ, ಅದಕ್ಕ ಕಟ್ಟಿದ ಒಡ್ಡು, ಕಾಲವಿ, ಸುತ್ತೂಕಡೆ ಕಬ್ಬು. ಕಬ್ಬ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಕೇರಿ ಹಾವ ಹಿತ್ತಲದಾಗ ಹಾದ್ರ ನಮ್ಮ ಮನ್ಯಾಗ ಯಾರೂ ಒದರಾಡೂದಿಲ್ಲ, ತನ್ನ ಕೆಲಸಕ್ಕ ತಾ ಹೊಂಟೈತಿ ಅಂತ ಬಿಡತೇವಿ. ಆದ್ರ ಹಾವ ಸಾಕೂದು, ಅದಕ್ಕ ಹೆಸರಿಡೂದು, ಅದು ಉಣ್ಣಲಿಲ್ಲಂತ ಮನಿ ಮಂದಿ ಕಣ್ಣೀರ ತಗಿಯೂದು, ಇದನ್ನ ನಾ ನೋಡಿದ್ದು ನಮ್ಮ ತಂಗಿ ಮಗಳ ಮನ್ಯಾಗ. ಅದೂ ಫೋನಿನಾಗ. ಅಕಿ ಇರೂದು ಅಮೇರಿಕಾದ ಡಲ್ಲಾಸದಾಗ.

ಅಕಿ ಮಗಗ ಈಗ ಹದಿಮೂರು. ನಾಯಿ ಬೇಕಂದ, ನಾಯಿ ಕೂದಲದಿಂದ ಅವನ ತಂಗಿಗೆ ದಮ್ಮ ಬರತೈತಿ ಅಂದ್ರು. ಬೆಕ್ಕೂ ಬ್ಯಾಡಂದ್ರು. ಕಡೀಕ ಕೂದಲಿಲ್ಲದ ಪ್ರಾಣಿ ಅಂತ ಹೇಳಿ ಒಂದ ಬಾಲ್ ಪೈಥಾನ್ ತಂದ. ಅದು ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆ ಇರೂ ಸಣ್ಣ ಜಾತಿ ಹೆಬ್ಬಾವು. ವಿಷ ಇಲ್ಲ. ಪೂರಾ ಬೆಳದ್ರೂ ಮೂರರಿಂದ ಐದ ಫೂಟ. ಹೆದರಿದ್ರ ಚೆಂಡಿನಂಗ ಸುತ್ಕೊಂಡ ತಲಿ ನಡಬರಕ ಮುಚ್ಚಕೋತೈತಿ, ಅದಕ್ಕ ಆ ಹೆಸರು. ಹುಡುಗ ಅದಕ್ಕ ‘ಗುಂಡ್ಯಾ’ ಅಂತ ಹೆಸರಿಟ್ಟ. ಛಲೋತಂಗ ನೋಡಕೊಂಡ್ರ ಇಪ್ಪತ್ತು, ಮೂವತ್ತ ವರ್ಷ ಬದಕತೈತಂತ. “ಮಗನ ಮದವಿ ಆಗಿ ಸೊಸಿ ಬಂದ್ರೂ ಇದು ಇಲ್ಲೇ ಇರತೈತಿ ದೊಡ್ಡವ್ವಾ” ಅಂತ ಅಕಿ ಹಣಿ ಬಡ್ಕೊಂಡ್ಲು.

ಉಣ್ಣೂದ ಏನು? ಇಲಿ. ನಮ್ಮದು ಅಡಗಿ ಮನ್ಯಾಗ ತತ್ತಿ ಸೈತ ಬರದ ಮನಿತನ. ಅಲ್ಲಿ ಇಲಿ ಬರಫಿನಾಗ ಗಟ್ಟಿ ಮಾಡಿ ಪ್ಯಾಕೀಟದಾಗ ಮಾರತಾರ. ಮೊಸರ, ಹಸಿಮೆಣಸಿನಕಾಯಿ ಇಡೂ ಫ್ರಿಜ್ಜಿನಾಗ ಆ ಪ್ಯಾಕೀಟ ಇಡಾಕ ಅಕಿ ಸುತಾರಾಂ ಒಪ್ಪಲಿಲ್ಲ. ಕಾರ್ ನಿಂದ್ರಸೂ ಕ್ವಾಣ್ಯಾಗ ಬ್ಯಾರೇ ಸಣ್ಣ ಫ್ರಿಜ್ಜ ಇಟ್ಟಳು, ಅದರ ಚಿಮಟಾ, ಬೋಗೋಣಿ ಎಲ್ಲಾ ಬ್ಯಾರೆ. ನಮ್ಮ ಓಣ್ಯಾಗ ಇದನ್ನ ಕೇಳಿ ಅರ್ಧಾ ಮಂದಿ ನಕ್ಕರು, ಅರ್ಧಾ ಮಂದಿ ಶಿವ ಶಿವಾ ಅಂದ್ರು. ನಾ ಅಂದ್ನಿ, ಹುಲಿಗೆ ಹುಲ್ಲ ಹಾಕಾಕ ಬರತೈತೇನು? ಸಾಕಿದ ಮ್ಯಾಲ ಅದರ ಊಟ ಅದಕ್ಕ ಕೊಡಬೇಕು.

ಆರ ತಿಂಗಳ ಎಲ್ಲಾ ನೆಟ್ಟಗಿತ್ತು. ದೀಪಾವಳಿ ಮುಗದ ಅಲ್ಲಿ ಥಂಡಿ ಸುರು ಆತು, ಗುಂಡ್ಯಾ ಉಣ್ಣೂದ ಬಿಟ್ಟಿತು. ಒಂದ ವಾರ, ಎರಡ ವಾರ, ಒಂದ ತಿಂಗಳ. ಇಲಿ ಮುಂದ ಹಿಡದ್ರ ಮಾರಿ ತಿರವತಿತ್ತು. ಹುಡುಗ ಸಾಲಿಯಿಂದ ಬಂದವನ ಮೊದಲ ಗಾಜಿನ ಪೆಟಿಗಿ ಮುಂದ ಕುಂದರೂದು, ತಾನೂ ನೆಟ್ಟಗ ಉಣ್ಣೂದಿಲ್ಲ. ಅಂವ ಎಲ್ಲೋ ವಿಡಿಯೋದಾಗ ನೋಡಿದ್ನಂತ, ಹಾವಿನ ಬಾಯಿ ತಗದ ಒಳಗ ತುರಕೂದು. ಹಂಗ ಮಾಡ್ತೇನಿ ಅಂದ. ಅವನ ಅಪ್ಪ, ಇದನ್ನ ಹಿಂದಿನ ಗಿಡಗಂಟ್ಯಾಗ ಬಿಟ್ಟ ಬರೋಣ ಅಂದ. ನಮ್ಮ ತಂಗಿ ಇಲ್ಲಿಂದ ನಾಗಪ್ಪಗ ಹರಕಿ ಹೊತ್ತಳು. ಮಗಳ ನನಗ ಫೋನ್ ಹಚ್ಚಿ, “ದೊಡ್ಡವ್ವಾ, ನನ್ನ ಮನ್ಯಾಗ ಬಂದ ಜೀವ ಹಸದ ಸತ್ತರ ನಾ ಹ್ಯಾಂಗ ತಡಕೊಳ್ಳಲಿ?” ಅಂತ ಅತ್ತಳು.

ನನಗ ಹೆಬ್ಬಾವಿನ ಶಾಸ್ತ್ರ ಬರೂದಿಲ್ರಿ. ಆದ್ರ ಎಮ್ಮಿ ಮೇವ ಬಿಟ್ಟದ್ದು ನೋಡೇನಿ, ಹೊಸಾ ಸೊಸಿ ಮೂರ ದಿನ ಉಣ್ಣದ ಕುಂತದ್ದೂ ನೋಡೇನಿ. ಎಮ್ಮಿ ಮೇವ ಬಿಟ್ರ ನಾವ ಮೊದಲ ಬಾಯಾಗ ಹುಲ್ಲ ತುರಕತೇವೇನು? ಕೊಟ್ಟಗಿ ನೋಡತೇವಿ. ಕಟ್ಟಿದ ಜಾಗಾ ಬದಲಾತೇನು, ಕರಾ ಅಗಲೈತೇನು, ಸೊಳ್ಳಿ ಕಡಿಯಾಕ ಹತ್ತ್ಯಾವೇನು, ಮೆಲಕ ಹಾಕತೈತೇನು. ಅದಕ್ಕ ಅಂದ್ನಿ, “ತಂಗಿ, ಬಾಯಿ ಬಿಡು, ಅದರ ಮನಿ ನೋಡು. ಮತ್ತ ಹಾವ ಬಲ್ಲ ಡಾಕ್ಟರಗ ತೋರಸು.” ಅಕಿ ತೋರಸಿದ್ಲು. ಡಾಕ್ಟರ ಹೇಳಿದ್ದನ್ನ ಅಕಿ ನನಗ ಒಂದೊಂದ ಬಿಡಿಸಿ ಹೇಳಿದ್ಲು.

ಮೊದಲನೇ ಮಾತ ಕಾವು. ನಮಗ ಮೈಯಾಗ ಕಾವ ತಾನ ಹುಟ್ಟತೈತಿ. ಹಾವಿಗೆ ಹೊರಗಿಂದ ಸಿಗಬೇಕು. ಕಾವ ಇರಲಿಲ್ಲಂದ್ರ ಉಂಡದ್ದು ಅರಗೂದಿಲ್ಲ, ಹೊಟ್ಟ್ಯಾಗ ಕೊಳತ ಹೊಳ್ಳಿ ವಾಂತಿ ಆಗತೈತಿ. ಪೆಟಿಗಿ ಒಂದ ಮಗ್ಗಲ 31ರಿಂದ 33 ಡಿಗ್ರಿ ಬೆಚ್ಚಗ ಇರಬೇಕು, ಇನ್ನೊಂದ ಮಗ್ಗಲ 24ರಿಂದ 27 ತಣ್ಣಗ. ತನಗ ಬೇಕಾದಲ್ಲಿ ಅದು ಸರಕೋತೈತಿ. ಇವರ ಮನ್ಯಾಗ ಥಂಡಿ ಬಂದ ಮ್ಯಾಲ ಬೆಚ್ಚನ್ನ ಮಗ್ಗಲ 26ಕ್ಕ ಇಳದಿತ್ತು. ಅಂದ್ರ ಆ ಹಾವ ಶಾಣ್ಯಾದು, ಅರಗೂದಿಲ್ಲಂತ ತಿಳದ ಉಣ್ಣೂದ ಬಿಟ್ಟಿತ್ತು.

ಎರಡನೇದು ಮರಿ. ಈ ಜಾತಿ ಹಾವ ಹಗಲೆಲ್ಲಾ ಬಿಲದಾಗ ಇದ್ದ ರಾತ್ರಿ ಹೊರಗ ಬರೂದು. ಬಿಲ ಇಕ್ಕಟ್ಟ ಇದ್ರ ಅದಕ್ಕ ಧೈರ್ಯ. ಇವರು ಚಂದ ಕಾಣಲಿ ಅಂತ ನಾಕೂ ಕಡೆ ಗಾಜಿನ ಪೆಟಿಗಿ ತಂದ ಟೀವಿ ಮಗ್ಗಲಕ ಇಟ್ಟಿದ್ರು. ಹಾದ ಬಂದವರೆಲ್ಲಾ ಬಗ್ಗಿ ನೋಡೂದು. ಮೂರ ಕಡೆ ಕರೇ ಕಾಗದ ಹಚ್ಚಿ, ಎರಡ ಮಗ್ಗಲಕೂ ಒಂದೊಂದ ಸಣ್ಣ ಗೂಡ ಇಟ್ಟ, ಪೆಟಿಗಿ ಒಳಗಿನ ಖೋಲಿಗೆ ಒಯ್ರಿ ಅಂದ್ರು. ಮತ್ತ ಕೈಯಾಗ ಹಿಡಿಯೂದ ಪೂರಾ ಬಂದ. ಹುಡುಗಗ ಇದ ಎಲ್ಲಾದಕಿಂತ ಕಠಿಣ ಆತು. ಪ್ರೀತಿ ಮಾಡೂದಂದ್ರ ಮುಟ್ಟೂದು ಅಂತ ತಿಳದಿದ್ದ.

ಮೂರನೇದು, ಪೊರಿ ಬಿಡೂ ದಿನ. ಕಣ್ಣ ನೀಲಿ ಮಬ್ಬಾದ್ರ ಹಾವಿಗೆ ಪೊರಿ ಬಿಡೂ ಹೊತ್ತ ಬಂದೈತಿ ಅಂತ ತಿಳೀಬೇಕು. ಆವಾಗ ಕಣ್ಣ ನೆಟ್ಟಗ ಕಾಣೂದಿಲ್ಲ, ಭಾಳ ಹಾವ ಉಣ್ಣೂದೂ ಇಲ್ಲ. ಕೊಡಾಕ ಹೋಗಬಾರದು. ಪೆಟಿಗ್ಯಾಗ ತೇವ ಸ್ವಲ್ಪ ಹೆಚ್ಚ ಮಾಡಿ ಸುಮ್ಮನ ಬಿಡಬೇಕು.

ನಾಕನೇದು, ಕೊಡೂ ರೀತಿ. ಬರಫಿನ ಇಲಿ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಣದಾಗ ಇಟ್ಟ ಕರಗಸಿ, ಆಮ್ಯಾಲ ಪ್ಲಾಸ್ಟಿಕ್ ಚೀಲದಾಗ ಹಾಕಿ ಬೆಚ್ಚನ್ನ ನೀರಾಗ ಇಡಬೇಕು. ಜೀವಂತ ಇಲಿ ಮೈ ಹೆಂಗ ಬೆಚ್ಚಗ ಇರತೈತಿ ಹಂಗ ಆಗಬೇಕು. ಈ ಹಾವಿನ ಮ್ಯಾಲಿನ ತುಟಿಗುಂಟ ಸಣ್ಣ ಸಣ್ಣ ಕುಣಿ ಅದಾವ, ಅವುರಿಂದ ಅದಕ್ಕ ಕತ್ತಲದಾಗ ಸೈತ ಕಾವ ತಿಳೀತೈತಿ. ತಣ್ಣನ್ನ ಇಲಿ ಅದಕ್ಕ ಊಟ ಅಂತ ತಿಳಿಯೂದ ಇಲ್ಲ. ಮೈಕ್ರೋವೇವದಾಗ ಮಾತ್ರ ಕಾಸಬಾರದು. ಇಲಿ ಹಾವಿನ ನಡಕಿಂತ ದಪ್ಪ ಇರಬಾರದು. ರಾತ್ರಿ ದೀಪ ಆರಿಸಿ, ಉದ್ದನ್ನ ಚಿಮಟಾದಿಂದ ಗೂಡಿನ ಬಾಯಿಗೆ ಹಿಡೀಬೇಕು. ಒಲ್ಲೆ ಅಂದ್ರ ತಗದ ಒಗದ, ಇನ್ನ ಎಂಟ ಹತ್ತ ದಿನ ಆ ಸುದ್ದಿ ಎತ್ತಬಾರದು. ದಿನಾ ಕೊಟ್ರ ದಿನಾ ಹೆದರಸಿದಂಗ. ಜೀವಂತ ಇಲಿ ಬಿಟ್ರ ಉಂಡೀತೇನೋ ಅಂತ ಅವನ ಅಪ್ಪ ಕೇಳಿದ್ದಕ್ಕ ಡಾಕ್ಟರ ಬ್ಯಾಡಂದ್ರು. ಹಸಿವಿಲ್ಲದ ಹಾವಿನ ಮೈಯನ್ನ ಇಲೀನ ಕಡದ ಗಾಯ ಮಾಡತೈತಂತ.

ಐದನೇದು ತಕ್ಕಡಿ. ನಾವ ಹೆಣಮಕ್ಕಳ ಕಣ್ಣಿಂದ ಅಳೀತೇವಿ, ‘ಸೊರಗೀತಲ್ಲ’ ಅಂತೇವಿ. ಡಾಕ್ಟರ ಅಂದ್ರು, ವಾರಕ್ಕೊಮ್ಮೆ ಅಡಗೀ ತಕ್ಕಡ್ಯಾಗ ತೂಗಿ ಬರದ ಇಡ್ರಿ. ಗುಂಡ್ಯಾ 720 ಗ್ರಾಂ ಇದ್ದದ್ದು ಎರಡ ತಿಂಗಳಿಗೆ 690 ಆಗಿತ್ತು. ಅಷ್ಟಕ್ಕ ಹೆದರೂದು ಬ್ಯಾಡ. ನೂರಕ್ಕ ಹತ್ತರಷ್ಟ ತೂಕ ಹೋದ್ರ, ಬಾಯಾಗ ಕೀವು, ಬಾಯಿ ತೆರದ ಉಸರಾಡೂದು, ಮೂಗಿನಾಗ ಗುಳ್ಳಿ, ಹಿಂಗೇನರ ಕಂಡ್ರ ಆವತ್ತೇ ಕರಕೊಂಡ ಬರ್ರಿ ಅಂದ್ರು. ಕುಡಿಯೂ ನೀರ ಮಾತ್ರ ದಿನಾ ಹೊಸಾದ ಇರಬೇಕು. ಅನ್ನ ಇಲ್ಲದ ತಡಕೋತೈತಿ, ನೀರ ಇಲ್ಲದ ತಡಕೊಳ್ಳೂದಿಲ್ಲ.

ನನಗ ಭಾಳ ಹಿಡಸಿದ್ದು ಆಮ್ಯಾಲಿಂದು. ಹೆಬ್ಬಾವಿನ ಜಾತಿಗೆ ಉಪವಾಸ ಮೈಗೂಡೈತಿ. ಊಟ ಇಲ್ಲದಾಗ ಅದರ ಸಣ್ಣ ಕರಳು, ಯಕೃತ್ತು ಸಣ್ಣಾಗಿ ಕುಂದರತಾವಂತ. ಉಂಡ ಮ್ಯಾಲ ಒಂದೆರಡ ದಿನದಾಗ ಹೊಳ್ಳಿ ದಪ್ಪಾಗಿ ಕೆಲಸಕ್ಕ ಹತ್ತತಾವ. ನಾವ ಒಲಿ ಆರಿಸಿಡೂ ಹಂಗ ಅದು ತನ್ನ ಹೊಟ್ಟಿ ಆರಿಸಿಡತೈತಿ. ಈ ಜಾತಿ ತಾಯಿ ಹಾವ ತತ್ತಿ ಇಟ್ಟ ಮ್ಯಾಲ ಅದನ್ನ ಸುತ್ತಗಟ್ಟಿ ಕುಂತ್ರ ಹೆಚ್ಚು ಕಡಿಮಿ ಎರಡ ತಿಂಗಳ, ಮರಿ ಹೊರಗ ಬರೂ ತನಕ, ಉಣ್ಣೂದ ಇಲ್ಲ. ಯಾರೂ ಅದಕ್ಕ ತಾಟ ಹಿಡದ ಬಾ ಅನ್ನೂದಿಲ್ಲ.

ಬಾಯಾಗ ತುರಕೂ ಮಾತಿಗೆ ಡಾಕ್ಟರ ಖಡಾಖಂಡಿತ ಬ್ಯಾಡಂದ್ರು. ಅದು ಕಡೀ ಹಾದಿ, ಅದೂ ಕೈ ಪಳಗಿದವರ ಕೆಲಸ. ಗಂಟಲ ಹರೀತೈತಿ, ಇಲ್ಲಂದ್ರ ಹೆದರಿ ಮತ್ತಷ್ಟ ದಿನ ಬಾಯಿ ಮುಚ್ಚತೈತಿ. ಇದನ್ನ ಕೇಳಿದಾಗ ನನಗ ನಮ್ಮ ಅತ್ತಿ ನೆನಪಾದ್ರು. ಕಡೀ ತಿಂಗಳದಾಗ ಅವರಿಗೆ ಊಟ ಬ್ಯಾಡಾಗಿತ್ತು. ನೋಡಾಕ ಬಂದವರೆಲ್ಲಾ, “ಒಂದ ಚಮಚೆ ಗಂಜಿ ಹಾಕ ಬೇ, ಹಸದ ಹೊಂಟಾರ” ಅನ್ನಾವ್ರು. ನುಂಗಾಕ ಆಗದವರ ಬಾಯಾಗ ಹಾಕಿದ್ರ ಅದು ಪುಪ್ಪಸಕ್ಕ ಹೋಗತೈತಿ ಅಂತ ನರ್ಸಬಾಯಿ ನನಗ ಹೇಳಿದ್ರು. ನಾ ಅತ್ತೀ ತುಟಿ ಒದ್ದಿ ಅರಬಿಯಿಂದ ಒರಸಿಕೋತ ಕುಂತ್ನಿ. ಬಂದವರ ಕಣ್ಣಾಗ ನಾ ಅತ್ತಿಗೆ ಊಟ ಹಾಕದ ಸೊಸಿ. ಉಣಸೂದರಾಗ ನಮ್ಮ ಮಾನ ಐತಿ ಅಂತ ನಮಗ ಕಲಿಸ್ಯಾರ, ಅದಕ್ಕ ಉಣ್ಣದ ಜೀವದ ಮಗ್ಗಲಕ ಸುಮ್ಮನ ಕುಂದರೂದು ನಮಗ ಭಾಳ ಜಡ. ಕೈ ಕಟ್ಟಿ ಕುಂತದ್ದೂ ಒಂದ ಸೇವಾನ. ತಂಗೀ ಮಗಳಿಗೂ ಅದನ್ನ ಹೇಳಿದ್ನಿ.

ಹೊರಗ ಬಿಡೂ ಮಾತೂ ಬಂದ್ ಆತು. ಆಫ್ರಿಕಾದ ಹಾವ ಅಲ್ಲಿ ಥಂಡ್ಯಾಗ ಒಂದ ವಾರ ಬದಕೂದ ಕಷ್ಟ. ಬೆಚ್ಚನ್ನ ಊರಾಗ ಬಿಟ್ರ ಇನ್ನೊಂದ ಅನಾಹುತ. ಅದೇ ಅಮೇರಿಕಾದ ಫ್ಲೋರಿಡಾದಾಗ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಬರ್ಮಾದ ಹೆಬ್ಬಾವ ಹೆಚ್ಚಾಗಿ ಅಲ್ಲಿನ ಕಾಡಪ್ರಾಣಿ ನುಂಗಿ ಮುಗಸಾಕ ಹತ್ತ್ಯಾವ.

ಪೆಟಿಗಿ ಬೆಚ್ಚಗಾಗಿ, ಕತ್ತಲಾಗಿ, ಮಂದಿ ಬಗ್ಗಿ ನೋಡೂದ ನಿಂತ ಮ್ಯಾಲ ಇನ್ನೂ ಎರಡ ಸಲ ಗುಂಡ್ಯಾ ಒಲ್ಲೆ ಅಂತು. ಹುಡುಗ ಹಲ್ಲ ಕಚ್ಚಿ ತಡಕೊಂಡ. ವಾರಕ್ಕೊಮ್ಮೆ ತೂಗಿ ವಹಿಯಾಗ ಬರದ, ನೀರ ಬದಲಿ ಮಾಡಿ, ಬಾಗಲ ಮುಂದ ಮಾಡಕೊಂಡ ಬರಾಂವ. ಸಂಕ್ರಮಣ ಆಗಿ ಒಂದ ವಾರಕ್ಕ ನಮಗ ಮುಂಜಾನೆ ಫೋನ್ ಬಂತು, ಅಲ್ಲಿ ರಾತ್ರಿ. “ಆಯಿ, ಉಂಡೈತಿ” ಅಂತ ಪಿಸು ಮಾತಿನಾಗ ಅಂದ. ಜೋರ ಮಾತಾಡಿದ್ರ ಹಾವ ಹೆದರೀತಂತ. ಹಾವಿಗೆ ಕಿವಿಬಾಯಿ ಇಲ್ಲದಿದ್ರೂ ಸಪ್ಪಳ, ನಡುಕ ತಿಳೀತೈತಿ ಅನ್ನೂದನ್ನೂ ಅಂವ ಕಲತಿದ್ದ.

ಈಗ ನಮ್ಮೂರ ಮಾತ. ಇಲ್ಲಿ ಯಾರೂ ಇದನ್ನ ಓದಿ ಹಾವ ಸಾಕಾಕ ಹೋಗಬ್ಯಾಡ್ರಿ. ನಮ್ಮ ನಾಗರ, ಹೆಬ್ಬಾವು, ಕೇರಿ ಎಲ್ಲಾಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾವಲ ಐತಿ, ಹಿಡದ ಮನ್ಯಾಗ ಇಟ್ರ ಗುನ್ನೆ. ಆದ್ರ ಉಣ್ಣದ ಹಾವಿಗೆ ಉಣಸೂ ಚಟಾ ನಮಗೂ ಐತಿ. ಪಂಚಮಿ ಬಂತಂದ್ರ ಬುಟ್ಟಿ ಹೊತ್ತ ಹಾವಾಡಿಗರು ಬಾಗಲಿಗೆ ಬರತಿದ್ರು, ಈಗ ಕಡಿಮಿ ಆಗೇತಿ. ಬಟ್ಟಲದಾಗ ಹಾಲ ಇಟ್ರ ಹಾವ ಕುಡೀತಿತ್ತು, ನಾವ ಕೈ ಮುಗೀತಿದ್ವಿ. ಅದು ಭಕ್ತಿಗೆ ಒಲದ ಕುಡದದ್ದಲ್ಲ ನೋಡ್ರಿ. ಹಬ್ಬಕ್ಕಂತ ಎಷ್ಟೋ ದಿನ ಅದಕ್ಕ ನೀರ ಕೊಟ್ಟಿರೂದಿಲ್ಲ, ಹಲ್ಲ ಕಿತ್ತಿರತಾರ, ನೀರಡಿಕಿಗೆ ಸಿಕ್ಕದ್ದ ಕುಡೀತೈತಿ. ಹಾಲ ಅದಕ್ಕ ಅರಗೂದಿಲ್ಲ, ಪುಪ್ಪಸಕ್ಕ ಹೋಗಿ ಎಷ್ಟೋ ಹಾವ ಹಬ್ಬದ ಮ್ಯಾಲ ಸಾಯತಾವ. ಸಾಂಗ್ಲಿ ಜಿಲ್ಲಾದ ಶಿರಾಳಾದಾಗ ಪಂಚಮಿಗಂತ ನಾಗರ ಹಿಡದ ಗಡಗ್ಯಾಗ ಇಟ್ಟ ಮೆರವಣಿಗಿ ಮಾಡೂ ರೂಢಿ ಇತ್ತು, ಅದಕ್ಕೂ ಕೋರ್ಟ ತಡಿ ಹಾಕೇತಿ.

ಹಬ್ಬ ಬಿಡ್ರಿ ಅಂತ ನಾ ಅನ್ನೂದಿಲ್ಲ. ಕಲ್ಲ ನಾಗಪ್ಪಗ ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಅಂತ ಹಾಲ ಎರೀರಿ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟ ಮಾಡ್ರಿ, ಜೋಕಾಲಿ ಆಡ್ರಿ. ಹುತ್ತದ ತೂತಿನಾಗ ಮಾತ್ರ ಹಾಲ ಸುರೀಬ್ಯಾಡ್ರಿ, ಅರಿಷಿಣ ಕುಂಕಮ ಚೆಲ್ಲಬ್ಯಾಡ್ರಿ. ಬುಟ್ಟಿ ಹಾವ ಬಾಗಲಿಗೆ ಬಂದ್ರ ರೊಕ್ಕ ಕೊಡಬ್ಯಾಡ್ರಿ. ಮನ್ಯಾಗ ಹಾವ ಹೊಕ್ಕರ ದೂರ ನಿಂತ ಅದರ ಮ್ಯಾಲ ಕಣ್ಣಿಟ್ಟ, ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡ್ರಿ.

ಉಂಡಿ ಕಟ್ಟಿದ ಮ್ಯಾಲ ಉಳದ ಹಾಲ ಮನಿ ಮಕ್ಕಳಿಗೆ ಕುಡಸ್ರಿ. ಕುಡಿಯೂದಿಲ್ಲಂದ್ರ ಅವಕ್ಕೂ ಮೂಗ ಹಿಡದ ಕುಡಸಬ್ಯಾಡ್ರಿ.