ಗೆರೆಗಳ ಗೆಳೆತನ

ಮನುಷ್ಯನಿಗೆ ಹೊಟ್ಟೆಪಾಡಿನ ಉದ್ಯೋಗ ಒಂದಾದರೆ, ಮನಸ್ಸಿನ ಸಂತೋಷಕ್ಕಾಗಿ ಮಾಡುವ ಕೆಲಸ ಮತ್ತೊಂದು. ಕೆಲವರು ಅಂಚೆಚೀಟಿಗಳನ್ನು ಕೂಡಿಡುತ್ತಾರೆ. ಕೆಲವರು ಹೂಗಿಡಗಳನ್ನು ಬೆಳೆಸುತ್ತಾರೆ. ಇನ್ನು ಕೆಲವರು ಸಂಜೆಯ ಬಿಡುವಿನಲ್ಲಿ ತಂಬೂರಿ ಹಿಡಿದು ಕುಳಿತುಕೊಳ್ಳುತ್ತಾರೆ. ನನ್ನ ಪಾಲಿಗೆ ಒದಗಿ ಬಂದ ಹವ್ಯಾಸ ರೇಖಾಚಿತ್ರ. ಇದಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ಪೆನ್ಸಿಲು, ಒಂದಿಷ್ಟು ಬಿಳಿಯ ಕಾಗದ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ನಾನು ಕಲಾವಿದನಲ್ಲ. ನನ್ನ ಚಿತ್ರಗಳು ಯಾವ ಪ್ರದರ್ಶನದ ಗೋಡೆಯನ್ನೂ ಕಂಡಿಲ್ಲ. ಆದರೂ ಈ ಹವ್ಯಾಸ ನನಗೆ ಕಲಿಸಿದ ಪಾಠ ಅಲ್ಪವಲ್ಲ. ಅದನ್ನು ನಿಮ್ಮ ಮುಂದೆ ಹೇಳಬೇಕೆಂಬ ಆಸೆಯಿಂದ ಈ ನಾಲ್ಕು ಮಾತು.

ನಮ್ಮದು ಹಾಸನ ಜಿಲ್ಲೆಯ ಒಂದು ಚಿಕ್ಕ ಹಳ್ಳಿ. ಮನೆಗೆ ತಿಂಗಳಿಗೊಮ್ಮೆ ‘ಚಂದಮಾಮ’ ಬರುತ್ತಿತ್ತು. ಅದರಲ್ಲಿ ಬೇತಾಳದ ಕಥೆಗೆ ಶಂಕರ್ ಎಂಬ ಕಲಾವಿದರು ಬರೆದ ಚಿತ್ರವಿರುತ್ತಿತ್ತು. ಕತ್ತಿ ಹಿಡಿದ ವಿಕ್ರಮ ರಾಜ ಹೆಗಲ ಮೇಲೆ ಹೆಣವನ್ನು ಹೊತ್ತು ನಡೆಯುತ್ತಿರುವ ಚಿತ್ರ ಅದು. ಅದನ್ನು ನೋಡುವಾಗ ಭಯವೂ ಆಗುತ್ತಿತ್ತು, ಪುಟ ಮಗುಚಲು ಮನಸ್ಸೂ ಬರುತ್ತಿರಲಿಲ್ಲ. ಶಂಕರ್ ಎಂದರೆ ಕೆ. ಸಿ. ಶಿವಶಂಕರನ್. 1924ರಲ್ಲಿ ಜನಿಸಿದ ಅವರು 2020ರಲ್ಲಿ ತೀರಿಕೊಂಡರು. ಅವರ ಕುಂಚದಿಂದ ಎಷ್ಟು ತಲೆಮಾರಿನ ಮಕ್ಕಳು ರಾಜರನ್ನೂ ರಾಕ್ಷಸರನ್ನೂ ಕಣ್ಣಾರೆ ಕಂಡರೋ ಲೆಕ್ಕವಿಲ್ಲ.

ಹೇಗಾದರೂ ಆ ಚಿತ್ರವನ್ನು ನನ್ನದಾಗಿಸಿಕೊಳ್ಳಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿತು. ತೆಳುವಾದ ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿದರೆ ಅದರ ಮೂಲಕ ಕೆಳಗಿನ ಗೆರೆಗಳು ಕಾಣುತ್ತವೆಂದು ಗೆಳೆಯನೊಬ್ಬ ಹೇಳಿಕೊಟ್ಟಿದ್ದ. ಅಜ್ಜಿಯ ಎಣ್ಣೆ ಗಿಂಡಿಯನ್ನು ಕದ್ದು ತಂದು, ಚಿತ್ರದ ಮೇಲೆ ಕಾಗದವಿಟ್ಟು, ಗೆರೆಗೆ ಗೆರೆ ಕೂಡಿಸಿ ತಿದ್ದಿದೆ. ಅನಂತರ ಅದನ್ನು ಒಳ್ಳೆಯ ಕಾಗದಕ್ಕೆ ಇಳಿಸಿದೆ. ಮರುದಿನ ಶಾಲೆಯಲ್ಲಿ ಅದು ಕೈಯಿಂದ ಕೈಗೆ ಹರಿದಾಡಿತು. “ನೋಡದೆಯೇ ಬರೆದೆಯಾ?” ಎಂದು ಯಾರೋ ಕೇಳಿದರು. ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲವೆಂಬ ಸಮಾಧಾನವನ್ನು ನನಗೆ ನಾನೇ ತಂದುಕೊಂಡೆ. ಚಿತ್ರವನ್ನು ತರಗತಿಯ ಗೋಡೆಗೆ ಅಂಟಿಸಿದರು. ಅದರ ಕೆಳಗೆ ನನ್ನ ಹೆಸರಿತ್ತು.

ಒಂದು ವಾರ ಕಳೆದ ಮೇಲೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಆ ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ನನ್ನನ್ನು ಕರೆದು, “ಬಾರಪ್ಪ, ನಮ್ಮ ಬಾವಿಯ ಗಡಗಡೆಯನ್ನು ಒಂದಿಷ್ಟು ಬರೆದು ತೋರಿಸು” ಎಂದರು. ಬಾವಿ ಶಾಲೆಯ ಅಂಗಳದಲ್ಲಿಯೇ ಇತ್ತು. ದಿನವೂ ಅದರಿಂದ ನೀರು ಸೇದುತ್ತಿದ್ದವನು ನಾನು. ಪೆನ್ಸಿಲು ಹಿಡಿದು ಕುಳಿತೆ. ಗಡಗಡೆ ರೊಟ್ಟಿಯಂತೆ ದುಂಡಗಾಯಿತು, ಹಗ್ಗ ಹಾವಿನಂತಾಯಿತು, ಕಂಬಗಳು ಎತ್ತಲೋ ವಾಲಿದವು. ಒರೆಸಿ ಒರೆಸಿ ಕಾಗದ ತೂತಾಯಿತು. ರಾಜನನ್ನೂ ಬೇತಾಳನನ್ನೂ ಬರೆದ ಕೈಗೆ ಒಂದು ಗಡಗಡೆ ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿತು. “ಸಾರ್, ಅದನ್ನು ನಾನು ಎಣ್ಣೆ ಕಾಗದದ ಮೇಲೆ ತೆಗೆದೆ” ಎಂದುಬಿಟ್ಟೆ.

ಮೇಷ್ಟ್ರು ಗದರಲಿಲ್ಲ. ನನ್ನ ಪಕ್ಕದಲ್ಲಿ ಬಾವಿಕಟ್ಟೆಯ ಮೇಲೆ ಕುಳಿತು ಹೇಳಿದರು: “ಚಕ್ರ ದುಂಡಗಿದೆ ಎಂಬುದು ನಿನಗೆ ಗೊತ್ತಿರುವ ಸಂಗತಿ. ಆದರೆ ಇಲ್ಲಿಂದ ನೋಡು, ಅದು ದುಂಡಗೆ ಕಾಣುತ್ತದೆಯೇ?” ನೋಡಿದೆ. ಓರೆಯಾಗಿ ನಿಂತಿದ್ದ ಗಡಗಡೆ ಮೊಟ್ಟೆಯಂತೆ ನೀಳವಾಗಿ ಕಂಡಿತು. ಅಷ್ಟು ದಿನವೂ ಅದನ್ನು ನಾನು ಕಂಡೇ ಇರಲಿಲ್ಲ! “ಗೊತ್ತಿರುವುದನ್ನು ಬರೆಯಬೇಡ, ಕಾಣುವುದನ್ನು ಬರೆ. ದೊಡ್ಡವರ ಚಿತ್ರ ನೋಡಿ ಬರೆಯುವುದು ತಪ್ಪಲ್ಲ. ಅದನ್ನು ಮುಚ್ಚಿಡುವುದು ತಪ್ಪು. ಇಂಥವರ ಚಿತ್ರ ನೋಡಿ ಬರೆದದ್ದು ಎಂದು ಕೆಳಗೆ ಕಾಣಿಸು. ಒಂದು ದಿನ ಅವರನ್ನು ನೋಡಿ ಬರೆದರೆ, ಮರುದಿನ ಲೋಕವನ್ನು ನೋಡಿ ಬರೆ.” ಅಂದೇ ನಾನು ಗೋಡೆಯ ಚಿತ್ರದಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ‘ಶಂಕರ್ ಅವರ ಚಿತ್ರವನ್ನು ನೋಡಿ’ ಎಂದು ಸೇರಿಸಿದೆ. ಗೆಳೆಯರು ನಕ್ಕರು. ಆದರೆ ಎದೆಯ ಮೇಲಿನ ಭಾರ ಇಳಿಯಿತು.

ಮೇಷ್ಟ್ರ ಮಾತು ಎಷ್ಟು ನಿಜವೆಂಬುದು ಮುಂದೆ ಪುಸ್ತಕಗಳನ್ನು ಓದಿದಾಗ ತಿಳಿಯಿತು. ಹಾಲೆಂಡಿನ ರೆಂಬ್ರಾಂಟ್ ಜಗತ್ತಿನ ಮಹಾ ಚಿತ್ರಕಾರರಲ್ಲಿ ಒಬ್ಬ. ಅವನು ಭಾರತಕ್ಕೆ ಎಂದೂ ಬಂದವನಲ್ಲ. ಆದರೂ ಐವತ್ತು ವರ್ಷ ಮುಟ್ಟಿ ಕೀರ್ತಿವಂತನಾಗಿದ್ದ ಕಾಲದಲ್ಲಿ, ತನ್ನ ಕೈಗೆ ದೊರೆತ ಮೊಗಲರ ಕಾಲದ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ಶಿಷ್ಯನಂತೆ ಪ್ರತಿ ಮಾಡಿದ. ಷಹಜಹಾನನ ಚಿತ್ರವೂ ಅವುಗಳಲ್ಲಿದೆ. ಅಂಥ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಇಂದಿಗೂ ಉಳಿದಿವೆ. ವ್ಯಾನ್ ಗೋ 1880ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಚಿತ್ರಕಾರನಾಗಲು ನಿಶ್ಚಯಿಸಿದಾಗ ಮಿಲೆ ಎಂಬ ಫ್ರೆಂಚ್ ಕಲಾವಿದನ ರೈತರ ಚಿತ್ರಗಳನ್ನು ತಿದ್ದಿ ತಿದ್ದಿ ಕೈ ಪಳಗಿಸಿಕೊಂಡ. ಒಂಬತ್ತು ವರ್ಷಗಳ ಅನಂತರ, ಆಸ್ಪತ್ರೆಯಲ್ಲಿದ್ದಾಗಲೂ, ಬಣ್ಣವಿಲ್ಲದ ಅದೇ ಚಿತ್ರಗಳನ್ನು ತನ್ನ ಬಣ್ಣಗಳಲ್ಲಿ ಮತ್ತೆ ಬರೆದ. ಬೇರೊಬ್ಬರ ಕೃತಿಯನ್ನು ವಾದಕನು ತನ್ನ ರೀತಿಯಲ್ಲಿ ನುಡಿಸುವುದಕ್ಕೆ ಅವನು ಈ ಕೆಲಸವನ್ನು ಹೋಲಿಸಿದ್ದಾನೆ. ನಮ್ಮ ವಿದ್ವಾಂಸರು ಪುರಂದರದಾಸರ ಪದವನ್ನು ಹಾಡುವುದಿಲ್ಲವೆ? ಪದ ದಾಸರದು, ಮನೋಧರ್ಮ ಹಾಡುವವರದು.

ನಮ್ಮ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ (1921–2015) ಅವರ ಕಥೆಯೂ ಸ್ವಾರಸ್ಯವಾದುದು. ಬಾಲ್ಯದಲ್ಲಿ ಅವರು ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಎಂಬಾತನ ವ್ಯಂಗ್ಯಚಿತ್ರಗಳನ್ನು ಬಹಳ ಮೆಚ್ಚಿದ್ದರು. ಆದರೆ ಅವನ ಇಂಗ್ಲಿಷ್ ರುಜುವನ್ನು ತಪ್ಪಾಗಿ ಓದಿ, ಆ ಕಲಾವಿದನ ಹೆಸರು ‘ಕೌ’, ಅಂದರೆ ಹಸು, ಎಂದು ಬಹುಕಾಲ ನಂಬಿದ್ದರಂತೆ! ಹೆಸರು ತಿಳಿಯದಿದ್ದರೂ ಗೆರೆಯ ಗುಣ ಅವರಿಗೆ ತಿಳಿದಿತ್ತು. ಶಾಲೆಯಲ್ಲಿ ಅವರು ಬರೆದ ಒಂದು ಅರಳಿ ಎಲೆಯನ್ನು ಉಪಾಧ್ಯಾಯರು ಮೆಚ್ಚಿಕೊಂಡದ್ದರಿಂದ, ತಾನೂ ಚಿತ್ರಕಾರನೆಂಬ ಭಾವನೆ ಅವರಲ್ಲಿ ಮೊಳೆಯಿತು. ಲೋಕದ ರಾಜಕಾರಣಿಗಳನ್ನೆಲ್ಲ ಬರೆದ ಆ ಕೈ, ಕೊನೆಯವರೆಗೂ ಪ್ರೀತಿಯಿಂದ ಬರೆದದ್ದು ಕಾಗೆಗಳನ್ನು. ನಾವು ‘ಹುಶ್’ ಎಂದು ಓಡಿಸುವ ಹಕ್ಕಿಯಲ್ಲಿ ಅವರಿಗೆ ಅಷ್ಟೊಂದು ಚೆಲುವು ಕಂಡಿತು. ಅದನ್ನು ಓದಿದ ಮೇಲೆ ನಾನೂ ನಮ್ಮ ಮಾಡಿನ ಮೇಲಿನ ಕಾಗೆಗಳನ್ನು ನೋಡತೊಡಗಿದೆ. ಅವುಗಳಲ್ಲಿ ಒಂದರ ನಿಲುವಿನಂತೆ ಮತ್ತೊಂದರದಿರಲಿಲ್ಲ.

ಕಾಲೇಜಿಗೆಂದು ಪಟ್ಟಣಕ್ಕೆ ಹೋದಾಗ, ಅಲ್ಲಿನ ಗ್ರಂಥಾಲಯದಲ್ಲಿ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳು ನನ್ನ ಕಣ್ಣಿಗೆ ಬಿದ್ದವು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಹೆಬ್ಬಾರರು ಚಲನೆಯ ಲಯವನ್ನು ಅರಿಯಲು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು. 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳ ಪುಸ್ತಕಕ್ಕೆ ‘ಹಾಡುವ ಗೆರೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ. ನಾಲ್ಕಾರು ಗೆರೆಗಳಲ್ಲಿ ನರ್ತಕಿ ಕುಣಿಯುತ್ತಾಳೆ. ಕೈ ತಡವರಿಸಿದ ಗುರುತೇ ಇಲ್ಲ. ನೋಡುತ್ತ ನೋಡುತ್ತ, ಇಂಥ ಗೆರೆಯನ್ನು ನಾನು ಹಿಂದೆ ಎಲ್ಲಿಯೋ ಕಂಡಿದ್ದೇನೆ ಎನ್ನಿಸಿತು. ಎಲ್ಲಿ? ಹೊಳೆದಾಗ ನಾಚಿಕೆಯಾಯಿತು. ನಮ್ಮ ಮನೆಯ ಬಾಗಿಲಲ್ಲಿ! ಅಜ್ಜಿಯ ರಂಗೋಲಿಯಲ್ಲಿ!

ನಸುಕಿನಲ್ಲಿ ಅಂಗಳ ಸಾರಿಸಿ, ಬೆರಳುಗಳ ನಡುವೆ ಪುಡಿ ಹಿಡಿದು ಅವಳು ಎಳೆ ಎಳೆಯುತ್ತಿದ್ದಳು. ಚುಕ್ಕಿಯನ್ನು ಸುತ್ತಿ, ಬಳುಕಿ, ಹೊರಟಲ್ಲಿಗೆ ಬಂದು ಸೇರುವ ಎಳೆ ಅದು. ಮಧ್ಯಾಹ್ನದ ಹೊತ್ತಿಗೆ ದನಕರುಗಳ ಗೊರಸಿಗೆ, ನಮ್ಮ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತಿತ್ತು. ಅವಳು ಎಂದೂ ಅದರ ಕೆಳಗೆ ಹೆಸರು ಬರೆದವಳಲ್ಲ. ಚಿತ್ರಕಾರರನ್ನು ಪುಸ್ತಕಗಳಲ್ಲಿ ಹುಡುಕುತ್ತಿದ್ದ ನಾನು, ಒಂದು ದಿನವೂ ಆ ಹೊತ್ತಿಗೆದ್ದು ಅವಳ ಕೈಯನ್ನು ನೋಡಿದವನಲ್ಲ.

ದಸರೆಯ ರಜೆಗೆ ಊರಿಗೆ ಹೋದವನು ಬೆಳಗಿನ ಜಾವಕ್ಕೆದ್ದು ಜಗಲಿಯ ಮೇಲೆ ಕುಳಿತು ಅಜ್ಜಿಯನ್ನು ಬರೆದೆ. “ಈ ಮುದುಕಿಯನ್ನು ಏನು ಬರೀತೀಯೋ ಮಗಾ” ಎಂದು ನಕ್ಕಳು. ಆದರೆ ಕೈ ನಿಲ್ಲಿಸಲಿಲ್ಲ. ಬಾಗಿದ ಬೆನ್ನು, ಸೆಕ್ಕಿದ ಸೆರಗು, ಪುಡಿ ಬಿಡುವ ಬೆರಳು ಒಂದು ಮಟ್ಟಿಗೆ ಬಂದವು. ಮುಖ ಮಾತ್ರ ಬರಲಿಲ್ಲ. ಇನ್ನೂ ಚೆನ್ನಾಗಿ ಕಲಿತ ಮೇಲೆ ಬರೆದರಾಯಿತು, ಅವಳೆಲ್ಲಿ ಹೋಗುತ್ತಾಳೆ ಎಂದುಕೊಂಡು ಆ ಜಾಗವನ್ನು ಖಾಲಿ ಬಿಟ್ಟೆ. ಮುಂದಿನ ರಜೆಗೆ ನಾನು ಹೋಗುವ ಮೊದಲೇ ಅವಳು ತೀರಿಕೊಂಡಳು. ಅವಳ ಫೋಟೋ ಒಂದೂ ಇರಲಿಲ್ಲ. ಇದ್ದದ್ದು ಈ ಚಿತ್ರವೊಂದೇ. ತಂದೆಯವರು ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದ ನೆಂಟರು ಆ ಬೆನ್ನನ್ನು ಕಂಡೇ, “ನಮ್ಮ ಅಮ್ಮನಲ್ಲವೆ ಇದು!” ಎನ್ನುತ್ತಿದ್ದರು. ನನಗೆ ಮಾತ್ರ ಬರೆಯದೆ ಬಿಟ್ಟ ಆ ಮುಖವೇ ಕಾಣುತ್ತಿತ್ತು.

ಅಂದಿನಿಂದ ನಾನು ಯಾವುದನ್ನೂ ‘ಕಲಿತ ಮೇಲೆ’ ಎಂದು ಮುಂದಕ್ಕೆ ಹಾಕುವುದಿಲ್ಲ. ಬಂದಷ್ಟು ಬರಲಿ ಎಂದು ಬರೆಯುತ್ತೇನೆ. ಇಂದು ಕೈಕೈಯಲ್ಲಿಯೂ ಕ್ಯಾಮೆರಾ ಇದೆ. ಕ್ಷಣದಲ್ಲಿ ನೂರು ಚಿತ್ರ ತೆಗೆಯಬಹುದು. ಆದರೆ ಒಂದು ಮುಖವನ್ನು ಬರೆಯಬೇಕಾದರೆ ಅರ್ಧ ಗಂಟೆ ಅದನ್ನೇ ನೋಡಬೇಕು. ಅಷ್ಟು ಹೊತ್ತು ನಾವು ಯಾರನ್ನು ನೋಡುತ್ತೇವೆ? ದೊಡ್ಡ ಕಲಾವಿದರಿಂದ ನಾನು ಪಡೆದದ್ದು ಅವರ ಗೆರೆಯನ್ನಲ್ಲ. ಅದು ಅವರೊಂದಿಗೇ ಉಳಿಯಿತು. ನಾನು ಪಡೆದದ್ದು ಅವರ ನೋಟವನ್ನು. ಕಾಗೆಯನ್ನು ಕಾಣಲು ಕಲಿಸಿದವರು ಒಬ್ಬರು. ನನ್ನ ಅಜ್ಜಿಯನ್ನು ಕಾಣಲು ಕಲಿಸಿದವರು ಇನ್ನೊಬ್ಬರು.

ನಿಮ್ಮ ಮನೆಯಲ್ಲಿಯೂ ಒಬ್ಬ ಅಜ್ಜಿ ಇರಬಹುದು, ತಾತ ಇರಬಹುದು. ಒಂದು ಪೆನ್ಸಿಲು ಹಿಡಿದು ಅವರ ಎದುರಿಗೆ ಕುಳಿತುಕೊಳ್ಳಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಮುಖವನ್ನು ಮಾತ್ರ ಖಾಲಿ ಬಿಡಬೇಡಿ.