ಇಬ್ಬರಿಗೂ ಒಂದೇ ಅಡುಗೆ

ಪುಷ್ಯ ಮಳೆ ಬೆಳಗಿನ ಜಾವದಿಂದಲೇ ಹಿಡಿದುಕೊಂಡಿದೆ. ಜಯಪುರದಿಂದ ಬಸರೀಕಟ್ಟೆ ಕಡೆ ಹೋಗುವ ರಸ್ತೆಯಿಂದ ಕೆಳಗಿಳಿದರೆ ನಮ್ಮ ತೋಟ, ತೋಟದ ತಲೆಗೆ ಮನೆ. ಬೇಸಿಗೆಯಾಗಿದ್ದರೆ ಈ ಹೊತ್ತಿಗೆ ನಾನೂ ನನ್ನ ಹೆಂಡತಿಯೂ ಆ ರಸ್ತೆಯಲ್ಲಿರುತ್ತಿದ್ದೆವು. ಈಗ ಅಂಗಳ ದಾಟಿದರೆ ಸಾಕು, ಇಂಬಳ ಕಾಲಿಗೆ ಹತ್ತುತ್ತವೆ. ಅದಕ್ಕೇ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೇವೆ.

"ನೀವು ಕೂತ್ಕೊಳ್ಳಿ ಮಾರಾಯ್ರೆ, ನಿಮಗೇನು ಬೊಜ್ಜಿದ್ಯಾ?" ಅನ್ನುತ್ತಾಳೆ.

"ಒಬ್ಬಳೇ ನಡೆದ್ರೆ ನಿಂಗೆ ಬೇಜಾರು. ನಡಿ ನಡಿ."

ಅವಳ ತೂಕ 72 ಕಿಲೋ. ಸಕ್ಕರೆ ಗಡಿಯಲ್ಲಿದೆ ಎಂದಿದ್ದಾರೆ ಕೊಪ್ಪದ ಡಾಕ್ಟ್ರು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು, ಅವಳದ್ದು ದಾಟಿದೆ. ಆದರೆ ಗುರಿ ಬೆಟ್ಟದಷ್ಟು ದೊಡ್ಡದಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಕ್ಕರೆ ಗಡಿಯಲ್ಲಿದ್ದವರಿಗೆ ತೂಕದಲ್ಲಿ ಶೇ. 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯಲು ಹೇಳಿದ್ದರು. ಅವರಲ್ಲಿ ಮಧುಮೇಹಕ್ಕೆ ತಿರುಗುವ ಪ್ರಮಾಣ ಶೇ. 58ರಷ್ಟು ತಗ್ಗಿತು. ಅವಳ ಲೆಕ್ಕಕ್ಕೆ ಆ ಶೇ. 7 ಎಂದರೆ ಐದು ಕಿಲೋ.

ಒಳಗೆ ಕಡುಬು ಬೇಯುತ್ತಿದೆ. ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಹೊಡೆಯುತ್ತದೆ, ಬೆಂದ ಅಕ್ಕಿತರಿಯ ಪರಿಮಳ ಮನೆ ತುಂಬುತ್ತದೆ. ಬಿಸಿ ಕಡುಬನ್ನು ಮುರಿದು, ನಡುವೆ ತುಪ್ಪ ಬಿಟ್ಟು, ಕಾಯಿಚಟ್ನಿಯಲ್ಲಿ ಅದ್ದಿ ತಿಂದು ಬೆಳೆದವರು ನಾವು. ಈ ಮಳೆಗಾಲದಲ್ಲಿ ಅದನ್ನು ಬಿಡು ಎನ್ನುವುದು ನ್ಯಾಯವಲ್ಲ, ಬಿಡಬೇಕಾಗಿಯೂ ಇಲ್ಲ. ಇಬ್ಬರ ತಟ್ಟೆಗೂ ಎರಡೆರಡೇ ಕಡುಬು. ಉಳಿದ ಜಾಗಕ್ಕೆ ಹೆಸರುಕಾಳು ಹಾಕಿದ ಕಳಲೆ ಪಲ್ಯ. ಹಿತ್ತಲ ಬಿದಿರಿನ ಕಳಲೆ ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಹಾಕಿದ್ದು ನಾನು. ನನಗೆ ನಾಲ್ಕು ಕಡುಬು, ಅವಳಿಗೆ ಎರಡು ಎಂದಾದರೆ ಅವಳದ್ದು ಪಥ್ಯದ ತಟ್ಟೆಯಾಗುತ್ತದೆ. ಸಮನಾಗಿ ಬಡಿಸಿಕೊಂಡರೆ ಅದು ಮನೆಯ ಊಟ.

ಮಧ್ಯಾಹ್ನ ನೆಂಟರ ಮನೆಯಲ್ಲಿ ನಟ್ಟಿ ಮುಗಿದ ಊಟ. ಕೆಸರು ತೊಳೆದು ಬಂದವರ ಜೊತೆ ನಾವೂ ಎಲೆ ಮುಂದೆ ಕೂತಿದ್ದೇವೆ. ಕೋಳಿಸಾರಿನ ಘಮ, ಹಲಸಿನ ಹಪ್ಪಳ ಕರಿಯುವ ಸದ್ದು. ಅತ್ತಿಗೆ ಕಡುಬಿನ ಪಾತ್ರೆ ಹಿಡಿದು ಬಂದು ಇವಳ ಎದುರೇ ನಿಲ್ಲುತ್ತಾರೆ.

"ಹಾಕ್ಕೊಳ್ಳೇ, ಒಂದು ಕಡುಬಿಗೆ ಏನಾಗುತ್ತೆ?"

ಬೇಡ ಎಂದರೆ ಬಡಿಸುವವರಿಗೆ ನೋವು, ಹಾಕಿಸಿಕೊಂಡರೆ ಇವಳಿಗೆ ನೋವು. ನಾನು ಮೊದಲು ನನ್ನ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. "ನಮ್ಮಿಬ್ರಿಗೂ ಕಡುಬು ಸಾಕು ಅತ್ತಿಗೆ. ಆ ಸೊಪ್ಪಿನ ಪಲ್ಯ ಚೆನ್ನಾಗಿದೆ, ಇನ್ನೊಂಚೂರು ಹಾಕಿ." ಅತ್ತಿಗೆಯ ಮುಖ ಅರಳುತ್ತದೆ. ಬಡಿಸುವ ಕೈಗೆ ಬೇಕಾದದ್ದು ತೃಪ್ತಿ. ಅದು ಪಲ್ಯದಿಂದಲೂ ಸಿಗುತ್ತದೆ.

ಎದುರು ಸಾಲಿನಿಂದ ಹಿರಿಯರೊಬ್ಬರು ಕೇಳುತ್ತಾರೆ: "ಏನೇ, ಇಳಿದುಹೋಗಿದ್ದೀಯ, ಸೌಖ್ಯ ಇಲ್ವಾ?"

ಅವಳ ಕೈ ಎಲೆಯ ಮೇಲೆಯೇ ನಿಲ್ಲುತ್ತದೆ. ನಮ್ಮ ಕಡೆ ಮೈ ತುಂಬಿದ್ದರೆ ಸುಖ, ಇಳಿದರೆ ಕಷ್ಟ. "ಸೌಖ್ಯಕ್ಕೇ ಇಳಿಸ್ತಿರೋದು ಅತ್ತೆ, ಡಾಕ್ಟ್ರು ಹೇಳಿದಾರೆ" ಎನ್ನುತ್ತೇನೆ. "ಹಂಗಾದ್ರೆ ಒಳ್ಳೇದೇ" ಎನ್ನುತ್ತಾರೆ ಅತ್ತೆ. ಅವಳು ಮತ್ತೆ ಊಟಕ್ಕೆ ಕೈ ಹಾಕುತ್ತಾಳೆ.

ಮನೆಗೆ ಬಂದು ಸಂಜೆ ತೂಕದ ಯಂತ್ರ ಹತ್ತಿದರೆ ಮುಳ್ಳು ಹೋದ ವಾರದ ಜಾಗದಲ್ಲೇ ನಿಂತಿದೆ. ಅವಳ ಮುಖ ಬಾಡುತ್ತದೆ. ಹೀಗೆ ತೂಕ ನಿಂತ ವಾರದಲ್ಲೇ ಜೊತೆಗಿರುವವರ ಕೆಲಸ ಹೆಚ್ಚು. ಏನು ತಿಂದೆ ಎಂದು ವಿಚಾರಣೆ ಮಾಡಬಾರದು. ನೀರು, ಉಪ್ಪು, ತಿಂಗಳ ದಿನಗಳು, ಯಾವುದರಿಂದಲಾದರೂ ಒಂದೆರಡು ಕಿಲೋ ಹೆಚ್ಚುಕಡಿಮೆಯಾಗುತ್ತದೆ.

ಅವಳಿಗೆ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಹೇಳುತ್ತೇನೆ: ದಂಪತಿಗಳಲ್ಲಿ ಒಬ್ಬರು ತೂಕ ಇಳಿಸಲು ಹೊರಟರೆ, ಯಾವ ಚಿಕಿತ್ಸೆಯನ್ನೂ ಪಡೆಯದ ಇನ್ನೊಬ್ಬರಲ್ಲೂ ಮೂವರಲ್ಲಿ ಒಬ್ಬರಂತೆ, ಆರು ತಿಂಗಳಲ್ಲಿ ಶೇ. 3ರಷ್ಟೋ ಅದಕ್ಕಿಂತ ಹೆಚ್ಚೋ ಇಳಿದಿದ್ದರು. "ನೀನು ನಡೀತಿರೋದು ನನಗೂ ಸೇರಿ. ಮುಂದಿನ ತಿಂಗಳು ಕೊಪ್ಪಕ್ಕೆ ಹೋದಾಗ ನನ್ನ ರಕ್ತಾನೂ ಪರೀಕ್ಷೆ ಮಾಡಿಸ್ತೀನಿ."

"ಹಂಗಾದ್ರೆ ಇಬ್ರೂ ಖಾಲಿ ಹೊಟ್ಟೇಲೇ ಹೋಗ್ಬೇಕು, ಮೊದಲ ಬಸ್ಸಿಗೇ ಹೊರಡೋಣ" ಎನ್ನುತ್ತಾಳೆ ಅವಳು.